ಮೊದಲ ಬಟ್ಟಲು ಕಾಫಿ

ಐದು ವರ್ಷದಿಂದ ರೂಲ್ಫಿ ನೆಲಮಾಳಿಗೆಯಲ್ಲಿ ಬಚ್ಚಿಟ್ಟಿದ್ದ ಕಾಫಿಪುಡಿಯ ಡಬ್ಬಿ ಕೊನೆಗೂ ತೆರೆಯಿತು. ತೆರೆದದ್ದು ಮಾತ್ರ ಗಂಡನಿಗಾಗಿ ಅಲ್ಲ.

"ಜರ್ಮನರಿಂದ ಊರು ಬಿಡುಗಡೆಯಾದ ದಿನ ಮೊದಲ ಬಟ್ಟಲು ನಿಮಗೇ ರೀ" ಎಂದು ಅವಳು ಮಾತು ಕೊಟ್ಟಿದ್ದಳು. ಅದನ್ನೇ ನಂಬಿ, ಮರದ ಮೆಟ್ಟು ಕೆತ್ತುವ ವೊಲ್ಟರ್ ಯುದ್ಧವಿಡೀ ಹುರಿದ ಬಾರ್ಲಿಯ ಕಷಾಯ ಕುಡಿದಿದ್ದ. ಇವತ್ತು ಬೆಳಗ್ಗೆ ಊರು ಬಿಡುಗಡೆಯಾಯಿತು. ಕೆನಡಾದ ಒಬ್ಬನೇ ಒಬ್ಬ ಸಿಪಾಯಿ ಸೇತುವೆ ದಾಟಿ ಬಂದ. ಜರ್ಮನರು ಅಷ್ಟೂ ಜನ ಓಡಿಹೋದರು. ಈಗ ಆ ಸಿಪಾಯಿ, ಆರಡಿ ಎತ್ತರದ ಡಂಕನ್, ವೊಲ್ಟರನ ಕುರ್ಚಿಯಲ್ಲಿ ಕೂತು ವೊಲ್ಟರನ ಬಟ್ಟಲಿನಲ್ಲೇ ಕಾಫಿ ಹೀರುತ್ತಿದ್ದ. ಬೀದಿಗೆ ಬೀದಿಯೇ ತಮ್ಮ ರಾಜಮನೆತನದ ಕಿತ್ತಳೆ ಬಣ್ಣದ ರಿಬ್ಬನ್ನು ಕಟ್ಟಿಕೊಂಡು ಅಡುಗೆಮನೆಯಲ್ಲಿ ನೆರೆದಿತ್ತು.

"ನೋಡೋ ವೊಲ್ಟರ್, ಗಂಡಸು ಅಂದ್ರೆ ಹೀಗಿರ್ಬೇಕು," ಅಂದಳು ಪಕ್ಕದ ಮನೆಯ ಆಲ್ಟ್ಯೆ ಅಜ್ಜಿ. "ನೀನು ಇಲಿ ಕಂಡ್ರೂ ಹೆಂಡ್ತೀನ ಕೂಗ್ತೀಯ."

"ಇಲಿ ಕಚ್ಚತ್ತೆ ಅಜ್ಜಿ."

ವೊಲ್ಟರ್ ಸ್ಟೂಲನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು ಕೂತ. ರೂಲ್ಫಿ ನಗುನಗುತ್ತ ಸಿಪಾಯಿಗೆ ಎರಡನೇ ಸಲ ಕಾಫಿ ಬಗ್ಗಿಸಿದಳು. ತನ್ನನ್ನು ನೋಡಿ ಅವಳು ಹಾಗೆ ನಕ್ಕದ್ದು ಮದುವೆಯ ದಿನ, ಅದೂ ಫೋಟೋದವನು ಹೇಳಿದ್ದಕ್ಕೆ.

"ನಂಗೆ?"

"ನಿಮ್ಗೇನವಸರ? ಚರಟ ಇದೆಯಲ್ಲ, ಕುದಿಸಿ ಕೊಡ್ತೀನಿ."

ಅಷ್ಟರಲ್ಲಿ ಡಂಕನ್ ಕಿವಿ ಕೆರೆದುಕೊಳ್ಳುತ್ತ ಏನೋ ಹೇಳಿದ. ಇಂಗ್ಲಿಷ್ ಬಲ್ಲ ಲುಬ್ಬರ್ಟ್ ಮೇಷ್ಟ್ರು ಬಿಡಿಸಿ ಹೇಳಿದರು:

"ತಾನೇನೂ ಮಾಡೇ ಇಲ್ವಂತೆ. ಇವರು ಬರೋ ಹೊತ್ತಿಗಾಗ್ಲೇ ಜರ್ಮನರು 'ಟ್ಯಾಂಕು, ಟ್ಯಾಂಕು' ಅಂತ ಓಡ್ತಿದ್ರಂತೆ. ಗಾಳಿಗಿರಣಿ ರಸ್ತೆ ಕಡೆಯಿಂದ ಭಯಂಕರ ಗಡಗಡ ಸದ್ದಂತೆ. ಯಾರದ್ದು ಆ ಟ್ಯಾಂಕು ಅಂತ ಕೇಳ್ತಿದಾರೆ."

ವೊಲ್ಟರ್ ಜಿಗಿದೆದ್ದ. "ನಂದು! ಟ್ಯಾಂಕಲ್ಲ ಮೇಷ್ಟ್ರೇ, ನನ್ನ ಸೈಕಲ್ಲು! ಟೈರಿಲ್ಲ ಅಂತ ಮರದ ಪಟ್ಟಿ ಕೆತ್ತಿ ಹಾಕಿದ್ದೆ. ಹೋಗೋ ಜರ್ಮನರು ಕಿತ್ಕೊಂಡು ಹೋದಾರು ಅಂತ ಬೆಳಗಾಗ್ತಿದ್ದಂಗೆ ಗಿರಣಿ ಕೊಟ್ಟಿಗೇಲಿ ಬಚ್ಚಿಡೋಕೆ ಹೊರಟಿದ್ದೆ. ಕಲ್ಲು ರಸ್ತೆ ನೋಡಿ, ಸ್ವಲ್ಪ ಸದ್ದಾಯ್ತು!"

ಮನೆ ಹಾರಿಹೋಗುವಂತೆ ಜನ ಕೂಗಿದರು. ಅವನನ್ನು ಹೆಗಲಿಗೇರಿಸಿ ತಲೆಯನ್ನು ತೊಲೆಗೆ ಬಡಿಸಿದರು. ಆಲ್ಟ್ಯೆ ಅಜ್ಜಿ ಎರಡೂ ಕೆನ್ನೆಗೆ ಮುತ್ತಿಟ್ಟಳು. ರೂಲ್ಫಿ ಕಣ್ಣೊರೆಸಿಕೊಂಡು ತುಂಬಿ ತುಳುಕುವಷ್ಟು ಕಾಫಿ ಬಗ್ಗಿಸಿ ಕೈಗಿತ್ತಳು. ಘಮ ಮೂಗಿಗೆ ಬಡಿಯಿತು.

"ರೀ," ಅಂದಳು ರೂಲ್ಫಿ. "ಯಾವ ಸೈಕಲ್ಲು?"

ಬಟ್ಟಲು ತುಟಿಯ ಹತ್ತಿರ ಬಂದು ನಿಂತಿತು.

"ಚಳಿಗಾಲಕ್ಕೆ ಮುಂಚೇನೇ ಜರ್ಮನರು ಕಿತ್ಕೊಂಡ್ರು ಅಂದ್ರಲ್ಲ? ಹಿಮದಲ್ಲಿ ವಾರವಾರ ಮೂರು ಗಂಟೆ ನಡೆದು ಆಲೂಗಡ್ಡೆ ಹೊತ್ತು ತಂದವಳು ನಾನು!"

"ಅದು... ಓಡ್ಸಿದ್ರೆ ಮರದ ಪಟ್ಟಿ ಸವೀತಿತ್ತು ಕಣೇ."

ರೂಲ್ಫಿ ಬಟ್ಟಲನ್ನು ಕಿತ್ತುಕೊಂಡು ಡಂಕನ್ನನ ಮುಂದಿಟ್ಟಳು. "ಮೇಷ್ಟ್ರೇ, ಮುಂದಿನ ಊರಿಗೆ ನಡ್ಕೊಂಡು ಹೋಗ್ಬೇಡಿ ಅಂತ ಹೇಳಿ ಇವರಿಗೆ. ನಮ್ಮ ಸೈಕಲ್ಲಿದೆ."

ಮಧ್ಯಾಹ್ನ ಸಿಪಾಯಿ ಗಡಗಡ ಸದ್ದು ಮಾಡುತ್ತ ಹೊರಟುಹೋದ. ಸಂಜೆಯ ಹೊತ್ತಿಗೆ ಸುದ್ದಿ ಬಂತು: ಮುಂದಿನ ಊರೂ ಬಿಡುಗಡೆಯಾಗಿದೆ, ಒಂದೇ ಒಂದು ಗುಂಡು ಹಾರಿಸದೆ ಡಂಕನ್ ಒಬ್ಬನೇ ಬಿಡಿಸಿದನಂತೆ, ಸಂತೆಚೌಕಕ್ಕೆ ಅವನದೇ ಹೆಸರಿಡುತ್ತಾರಂತೆ.

ಸುದ್ದಿ ಕೇಳುತ್ತ ವೊಲ್ಟರ್ ತನ್ನ ಬಟ್ಟಲೆತ್ತಿ ಒಂದು ಗುಟುಕು ಕುಡಿದ. ಬಾರ್ಲಿ.