ಭಾವ ಮಂಗಳವಾರ ಹಾರಿದ್ದು

ನಮ್ಮ ಭಾವನಿಗೆ ನೆಲದ ಮೇಲೆ ನೆಟ್ಟಗೆ ನಡೆಯಲು ಬರುತ್ತಿರಲಿಲ್ಲ. ಉತ್ಪ್ರೇಕ್ಷೆ ಅಲ್ಲ! ಸ್ವಂತ ಮನೆಯ ಹೊಸ್ತಿಲನ್ನೇ ಎಡವುತ್ತಿದ್ದರು. ಅಂಗಳದ ತುಳಸಿಕಟ್ಟೆಗೆ ಡಿಕ್ಕಿ ಹೊಡೆದು ಅದಕ್ಕೇ ತಪ್ಪಾಯ್ತು ಎನ್ನುತ್ತಿದ್ದರು. ಅವರು ಸೈಕಲ್ ಹತ್ತಿದರೆ ಎದುರಿನ ಎತ್ತುಗಳು ತಾವಾಗಿ ಗದ್ದೆಗೆ ಇಳಿದು ದಾರಿ ಬಿಡುತ್ತಿದ್ದವು. ಇಂಥ ಮನುಷ್ಯನಿಗೆ ಕೂತು ಮಾಡುವ ಕೆಲಸವೇ ಸರಿ. ದೇವರ ದಯೆಯಿಂದ ಅದೇ ಸಿಕ್ಕಿತ್ತು: ಅಂಕೋಲೆಯ ಕಚೇರಿಯಲ್ಲಿ ಜಮೀನಿನ ನಕಾಶೆ ಬರೆಯುವುದು. ಅಷ್ಟಕ್ಕೆ ಸುಮ್ಮನಿರಬೇಕೋ ಬೇಡವೋ? ಇರಲಿಲ್ಲ. ಹಿತ್ತಿಲಲ್ಲಿ ವಿಮಾನ ಕಟ್ಟಿದರು!

ಆಗ ನನಗೆ ಕಾರವಾರದ ಪೇಟೆಯಲ್ಲಿ ಹಗ್ಗ, ಹಾಯಿಬಟ್ಟೆ, ಮೊಳೆಗಳ ಅಂಗಡಿ. ಬಂದರಿನಲ್ಲಿ ಮೂಟೆ ಹೊತ್ತು ಮೇಲೆ ಬಂದವನು ನಾನು. ಯಾವ ವಸ್ತುವನ್ನು ಕಂಡರೂ ಮೊದಲು ಅದರ ಹುಳುಕು ನೋಡುತ್ತೇನೆ. ನೀವೂ ಹಾಗೇ ಮಾಡಿ, ಸುಖವಾಗಿರುತ್ತೀರಿ. ಒಂದು ದಿನ ಭಾವ ಅಂಗಡಿಗೆ ಬಂದು ಮೆಟ್ಟಿಲು ಎಡವಿ, ಬಿದ್ದಲ್ಲಿಂದಲೇ ಕೇಳಿದರು:

"ಹಗುರವಾದ ಹಾಯಿಬಟ್ಟೆ ಇದೆಯೇನೋ? ಎರಡು ರೆಕ್ಕೆಗೆ ಆಗುವಷ್ಟು?"

"ಎಂಥ ರೆಕ್ಕೆ ಭಾವಾ?"

ಕೋಟಿನ ಕಿಸೆಯಿಂದ ಒಂದು ಇಂಗ್ಲಿಷ್ ಮಾಸಿಕದ ಹಾಳೆ ತೆಗೆದರು. ವಿಲಾಯತಿನಲ್ಲಿ ಈಗ ಜನ ಮನೆಮನೆಯಲ್ಲಿ ಸಣ್ಣ ವಿಮಾನ ಕಟ್ಟಿಕೊಳ್ಳುತ್ತಿದ್ದಾರಂತೆ. ಮರ, ಬಟ್ಟೆ, ಮೋಟಾರ್ ಸೈಕಲ್ಲಿನ ಎಂಜಿನ್ ಇದ್ದರೆ ಸಾಕಂತೆ.

"ಯಾಕೆ ಭಾವಾ ಇದೆಲ್ಲ? ಹಾರಿ ಎಲ್ಲಿಗೆ ಹೋಗಬೇಕು?"

"ಎಲ್ಲಿಗೂ ಇಲ್ಲ ಮಾರಾಯಾ. ಇಡೀ ತಾಲೂಕನ್ನು ಮೇಲಿನಿಂದ ನೋಡಿದ ಹಾಗೆ ಬರೆದಿದ್ದೇನೆ. ಒಂದು ಸಲವಾದರೂ ಮೇಲೆ ಹೋದವನೋ ನಾನು? ಕಾಣದೇ ಇದ್ದದ್ದಕ್ಕೆ ಸಹಿ ಹಾಕ್ತಾ ಬಂದಿದ್ದೇನೆ. ಒಮ್ಮೆ ನೆಲ ಬಿಟ್ಟು ಮೇಲೆ ಏಳಬೇಕು. ಒಂದು ತೆಂಗಿನ ಮರದಷ್ಟು ಸಾಕು."

ತೆಂಗಿನ ಮರವನ್ನೇ ಹತ್ತಬಹುದಲ್ಲ ಎಂದೆ. ಹತ್ತಿ ನೋಡಿದ್ದರಂತೆ. ಇಳಿಸಲು ನಾಲ್ಕು ಜನ ಬೇಕಾಯಿತಂತೆ.

ಎಂಜಿನ್ ಕೊಡಿಸಿದವನು ನಾನೇ. ಗೋವೆಯ ಗಡಿಯಾಚೆ ಒಬ್ಬರ ಬಳಿ ಹಳೆಯ ಮೋಟಾರ್ ಸೈಕಲ್ ಇತ್ತು. ಚೌಕಾಸಿ ಮಾಡುವಾಗ ವಸ್ತುವನ್ನು ಹೊಗಳಬಾರದು, ಅದರ ಕಡೆ ನೋಡಲೂ ಬಾರದು. ನಾನು ಹಾಗೆಯೇ ಆಕಾಶ ನೋಡುತ್ತ ಬೆಲೆ ಇಳಿಸುತ್ತಿದ್ದರೆ, ಪಕ್ಕದಲ್ಲಿ ಭಾವ ಎಂಜಿನ್ನನ್ನು ಅಪ್ಪಿಕೊಂಡು ನಿಂತಿದ್ದರು! ಇಂಥವರನ್ನು ಪೇಟೆಗೆ ಕರೆದುಕೊಂಡು ಹೋಗಬೇಡಿ. ಬರುವಾಗ ಮಾಜಾಳಿಯ ಸುಂಕದ ಕಟ್ಟೆಯಲ್ಲಿ ಸಿಪಾಯಿ ಗಾಡಿ ತಡೆದ.

"ಚೀಲದಲ್ಲಿ ಎಂತ ಉಂಟು?"

ನೀರೆತ್ತುವ ಯಂತ್ರ ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಭಾವ ಕೈಮುಗಿದು, "ವಿಮಾನ ಸ್ವಾಮೀ" ಎಂದರು. ಸಿಪಾಯಿ ಹೊಟ್ಟೆ ಹಿಡಿದುಕೊಂಡು ನಕ್ಕ, ಒಳಗಿದ್ದವರನ್ನೂ ಕರೆದು ನಗಿಸಿದ, "ಹೋಗಿ ಹೋಗಿ, ಹಾರಿ ಹೋಗಿ" ಎಂದು ಅಡ್ಡಗೋಲು ಎತ್ತಿದ. ಚೀಲ ಬಿಚ್ಚಲೇ ಇಲ್ಲ!

ಮರದ ಕೆಲಸಕ್ಕೆ ಬೇಲೆಕೇರಿಯಿಂದ ದೋಣಿ ಕಟ್ಟುವ ಮೇಸ್ತ ಬಂದ. ಅವನು ಹುಟ್ಟಿದಾಗಿನಿಂದ ಕಟ್ಟಿದ್ದು ದೋಣಿ. ಬೇರೆ ಏನು ಹೇಳಿದರೂ ಅವನ ಕೈಯಲ್ಲಿ ಅದು ದೋಣಿಯೇ ಆಗುತ್ತಿತ್ತು. ಭಾವ ಹಗುರ ಹಗುರ ಎಂದು ಬಡಕೊಂಡರೂ ಹಲಗೆಗಳ ಸಂದಿಗೆ ತೆಂಗಿನ ನಾರು ತುರುಕಿ, ರಾಳ ಬಳಿದು, ಮೇಲೆ ತಾರ್ಲಿ ಮೀನಿನ ಎಣ್ಣೆ ಹಚ್ಚಿದ.

"ಒಡೆಯಾ, ಒಂದು ಹನಿ ನೀರು ಒಳಗೆ ಬಂದ್ರೆ ನನ್ನ ಕೇಳಿ!"

"ಇದು ಆಕಾಶಕ್ಕೆ ಹೋಗುವುದೋ ಮಾರಾಯಾ!"

"ಮಳೆ ಅಲ್ಲಿಂದಲೇ ಬರೂದಲ್ವಾ?"

ಆ ಮೀನೆಣ್ಣೆಯ ವಾಸನೆಗೆ ಊರಿನ ಬೆಕ್ಕುಗಳೆಲ್ಲ ಹಿತ್ತಿಲಿಗೆ ಬಂದು ಬಿಡಾರ ಹೂಡಿದವು. ಫೌಜದಾರರು ಕೂಡ ಬಂದರು. ಉಪ್ಪಿನ ಸತ್ಯಾಗ್ರಹದ ಗಲಾಟೆ ಮುಗಿದು ಬಹಳ ಕಾಲವೇನೂ ಆಗಿರಲಿಲ್ಲ, ಅಂಕೋಲೆಯಲ್ಲಿ ನಾಲ್ಕು ಹಲಗೆ ಜೋಡಿಸಿದರೂ ಸರಕಾರಕ್ಕೆ ಸಂಶಯ. "ಇದು ಚಳವಳಿಯವರದೇನ್ರೀ?" ಎಂದು ಗದರಿದರು. ಭಾವ ಅವರನ್ನು ಕುರ್ಚಿಯಲ್ಲಿ ಕೂರಿಸಿ ಗಾಳಿ ರೆಕ್ಕೆಯನ್ನು ಹೇಗೆ ಎತ್ತುತ್ತದೆ ಎಂದು ವಿವರಿಸಲು ಸುರು ಮಾಡಿದರು. ಹೊತ್ತು ಮುಳುಗಿದರೂ ರೆಕ್ಕೆ ಎದ್ದಿರಲಿಲ್ಲ. ಫೌಜದಾರರು ಮಾತ್ರ ಎದ್ದು ಹೋದವರು ಮತ್ತೆ ಆ ಓಣಿಗೆ ಕಾಲಿಡಲಿಲ್ಲ.

ಅಕ್ಕನಿಗೆ ಇದೆಲ್ಲ ಹೇಗಿತ್ತು ಎಂದು ಕೇಳುತ್ತೀರಾ? ಅವಳು ಬೈಯುತ್ತಿದ್ದಳು, ಬೈಯುತ್ತಲೇ ಹುಣಸೆಬೀಜದ ಅಂಟು ಕುದಿಸಿ ರೆಕ್ಕೆಯ ಬಟ್ಟೆಗೆ ಬಳಿಯುತ್ತಿದ್ದಳು. "ಬೇರೆಯವರ ಗಂಡಂದಿರು ಇಸ್ಪೀಟು ಆಡ್ತಾರೆ. ನನ್ನ ಹಣೆಬರಹ ನೋಡು ತಮಾ!"

ಆ ವರ್ಷ ಮುಂಬಯಿಯಲ್ಲಿ ಸಣ್ಣ ವಿಮಾನಗಳ ಹುಚ್ಚರದೊಂದು ಮೇಳ ನಡೆಯಿತು. ಎಲ್ಲರೂ ತಮ್ಮ ತಮ್ಮ ವಿಮಾನದಲ್ಲಿ ಹಾರಿ ಬಂದು ಮೈದಾನದಲ್ಲಿ ಇಳಿಯುವುದು, ಒಬ್ಬರದನ್ನು ಒಬ್ಬರು ನೋಡುವುದು, ಚಹಾ ಕುಡಿಯುವುದು. ನಮ್ಮ ಭಾವ ಕಾರವಾರದಿಂದ ಆಗಬೋಟಿಯಲ್ಲಿ ಹೋದರು. ವಿಮಾನದ ಪೈಕಿ ಅವರ ಜೊತೆ ಹೋದದ್ದು ಮುಂದಿನ ಪಂಖ ಒಂದೇ, ಚಾಪೆಯಲ್ಲಿ ಸುತ್ತಿಕೊಂಡು! ಮೈದಾನದಲ್ಲಿ ಎಲ್ಲರೂ ತಮ್ಮ ವಿಮಾನದ ಪಕ್ಕ ನಿಂತಿದ್ದರೆ ಇವರು ಪಂಖವನ್ನು ಹೆಗಲಿಗೆ ಆನಿಸಿಕೊಂಡು ಸಾಲಿನಲ್ಲಿ ನಿಂತರು. "ಉಳಿದದ್ದೆಲ್ಲಿ?" ಎಂದು ಕೇಳಿದವರಿಗೆ, "ಊರಲ್ಲಿದೆ, ಬನ್ನಿ" ಎಂದರು. ಎಲ್ಲರೂ ನಕ್ಕರು. ಒಬ್ಬ ಪಾರ್ಸಿ ತರುಣ ಮಾತ್ರ ನಗುವುದನ್ನು ಮುಗಿಸಿ, "ಬರುತ್ತೇನೆ. ಎಲ್ಲಿ ಇಳಿಯಲಿ?" ಎಂದ.

ಭಾವ ನಮ್ಮೂರ ಕಡಲ ದಂಡೆಯಲ್ಲಿ ಎಂದು, ಸಮುದ್ರದ ಇಳಿತ ನೋಡಿ ದಿನ ಹೇಳಿದರು. ಹುಣ್ಣಿಮೆಯ ಸಂಜೆ ನೀರು ಬಹಳ ದೂರ ಹಿಂದೆ ಹೋಗುತ್ತದೆ, ಒದ್ದೆ ಮರಳು ಗಾರೆ ನೆಲದಂತೆ ಗಟ್ಟಿ. ಗಾಳಿಯೂ ಆ ಹೊತ್ತಿಗೆ ವಾಯವ್ಯದಿಂದ ನೇರ ಬರುತ್ತದೆ. ವಿಮಾನಕ್ಕೆ ಗಾಳಿ ಎದುರಿಗೇ ಬೇಕು, ಅಂದರೆ ದಂಡೆಯ ಮೇಲೆ ಉತ್ತರಕ್ಕೆ ಓಡಬೇಕು. ಎಲ್ಲ ಲೆಕ್ಕ ಹಾಕಿದ್ದರು. ವಾರ ಒಂದನ್ನು ನೋಡಿರಲಿಲ್ಲ. ಅದು ಮಂಗಳವಾರ!

"ಮಂಗಳವಾರ ಉತ್ತರಕ್ಕೆ ಶೂಲೆ," ಎಂದಳು ಅಕ್ಕ. "ನಡೆದು ಹೋಗುವವರೇ ಹೊರಡೂದಿಲ್ಲ. ನೀವು ಹಾರ್ತೀರಾ?"

ಇಂಥ ಕಡೆ ಮಧ್ಯಸ್ಥಿಕೆ ಮಾಡುವುದು ನನ್ನ ಚಟ. ಪ್ರಸ್ಥಾನ ಇಡೋಣ ಎಂದೆ. ಪ್ರಯಾಣದ ದಿನ ಸರಿ ಇಲ್ಲದಿದ್ದರೆ, ಹಿಂದಿನ ಒಳ್ಳೆಯ ದಿನವೇ ನಮ್ಮದೊಂದು ವಸ್ತುವನ್ನು ಆ ದಿಕ್ಕಿನ ಮನೆಯಲ್ಲಿ ಇಟ್ಟು ಬರುವುದು, ಹೊರಟ ಲೆಕ್ಕ. ನಮ್ಮ ಕಡೆ ಎಲ್ಲರೂ ಮಾಡುವುದೇ.

"ಸೋಮವಾರವೇ ಭಾವನ ಕೊಡೆ ಉತ್ತರದ ಮನೆಯಲ್ಲಿ ಇಡುವ ಅಕ್ಕಾ."

"ಕೊಡೆ ಅಲ್ಲಿ ಕ್ಷೇಮವಾಗಿ ಇರ್ತದೆ ತಮಾ. ಕೊಡೆಯ ಯಜಮಾನರು? ಹಾರುವುದಾದ್ರೆ ದಕ್ಷಿಣಕ್ಕೆ ಹಾರಲಿ."

"ದಕ್ಷಿಣ ಯಮನ ದಿಕ್ಕಲ್ಲವೇನೇ?" ಎಂದು ಭಾವ ಕೊನೆಯ ಬಾಣ ಬಿಟ್ಟರು.

"ಅವತ್ತು ಯಮನಿಗೆ ರಜೆ. ಪಂಚಾಂಗದಲ್ಲಿ ಉಂಟು."

ಪಾರ್ಸಿ ತರುಣ ಹೇಳಿದ ಹೊತ್ತಿಗೆ ಹಾರಿ ಬಂದು ದಂಡೆಯಲ್ಲಿ ಇಳಿದ. ಅವನದು ಒಬ್ಬನೇ ಕೂರುವ ಪುಟ್ಟ ವಿಮಾನ. ಊರಿನ ಹೆಂಗಸರು ಅದರ ಮೂತಿಗೆ ಅರಿಶಿನ ಕುಂಕುಮ ಹಚ್ಚಿದರು. ನಮ್ಮದನ್ನು ಹೊಸ ದೋಣಿಯಂತೆ ಕಾಯಿ ಒಡೆದು, ಕೂಗು ಹಾಕಿ, ಹಗ್ಗ ಕಟ್ಟಿ ಎಳೆದು ತಂದೆವು. ಮೇಸ್ತ ಅಭ್ಯಾಸಬಲದಿಂದ ನೀರಿನ ಕಡೆಗೇ ಎಳೆಸುತ್ತಿದ್ದ!

ಭಾವ ವಿಮಾನದ ಮೂತಿ ಉತ್ತರಕ್ಕೆ ತಿರುಗಿಸಿದರು. ಅಕ್ಕ ಬಂದು ಅದರ ಎದುರು ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು, ಅಷ್ಟೇ. ಭಾವ ಗಾಳಿಯನ್ನು ನೋಡಿದರು, ಅವಳನ್ನು ನೋಡಿದರು.

"ಆಯ್ತೇ ಮಾರಾಯ್ತಿ. ದಕ್ಷಿಣಕ್ಕೇ."

ತರುಣ ಗಾಬರಿಯಾಗಿ ನನ್ನ ತೋಳು ಹಿಡಿದು ಮರಾಠಿಯಲ್ಲಿ, "ಗಾಳಿ ಬೆನ್ನಿಗಿದ್ದರೆ ಏಳುವುದಿಲ್ಲ. ಎದುರಿಗೆ ಹೋದರೆ ಖಂಡಿತ ಏಳುತ್ತದೆ, ಹೇಳಿ ಅವರಿಗೆ!" ಎಂದ. ಕಾರವಾರದಲ್ಲಿ ಹುಟ್ಟಿದ ಅಕ್ಕನಿಗೆ ಮರಾಠಿ ಚೆನ್ನಾಗಿ ತಿಳಿಯುತ್ತದೆ. ಅವಳ ಮುಖ ಒಂದು ಗಳಿಗೆ ಬೇರೆಯಾಯಿತು. ಬಾಯಿ ತೆರೆದಳು. ಅಷ್ಟರಲ್ಲಿ ಎಂಜಿನ್ ಗುಡುಗಿತು!

ವಿಮಾನ ಓಡಿತು ನೋಡಿ! ಮರಳು, ನೀರು, ಹೊಗೆ, ಹಿಂದೆ ನಾಯಿಗಳು, ಅವುಗಳ ಹಿಂದೆ ಊರು. ನಾನು ಮಾತ್ರ ಬದಿಯಲ್ಲಿ ನಿಂತು ಚಕ್ರಗಳ ಮೇಲೇ ಕಣ್ಣಿಟ್ಟಿದ್ದೆ, ಹುಳುಕು ನೋಡುವ ಕಣ್ಣಲ್ಲವೇ! ಚಕ್ರ ಮರಳನ್ನು ಒಂದು ಕೂದಲೆಳೆಯಷ್ಟೂ ಬಿಡಲಿಲ್ಲ. ಓಡಿತು, ಓಡಿತು, ದಂಡೆ ಮುಗಿಯಿತು, ಸಮುದ್ರಕ್ಕೆ ಇಳಿಯಿತು. ಇಳಿದು ಹಂಸದಂತೆ ತೇಲಿತು! ಒಂದು ಹನಿ ನೀರು ಒಳಗೆ ಬರಲಿಲ್ಲ. ಮೇಸ್ತ ದಂಡೆಯಲ್ಲಿ ಕುಣಿಯುತ್ತ, "ನಾ ಹೇಳಿರಲಿಲ್ವಾ!" ಎಂದು ಕಂಡವರಿಗೆಲ್ಲ ಹೇಳಿದ.

ಎಲ್ಲರೂ ನೀರಿನ ಕಡೆ ಓಡಿದರು. ಅಕ್ಕ ಓಡಲಿಲ್ಲ. ಅವಳು ಚಕ್ರದ ಗೆರೆಗಳ ಮೇಲೆ ತಲೆ ತಗ್ಗಿಸಿ ನಡೆಯುತ್ತಿದ್ದಳು. ಪಾಪ, ಗಾಬರಿಗೆ ಮಂಕಾಗಿದ್ದಾಳೆ ಎಂದುಕೊಂಡೆ.

ಭಾವನನ್ನು ಎತ್ತಿ ತಂದರು. ಕನ್ನಡಕ ಹೋಗಿತ್ತು, ಒಂದು ಚಪ್ಪಲಿ ಹೋಗಿತ್ತು. ಹಲ್ಲು ಕಟಕಟ ಎನ್ನುತ್ತಿತ್ತು. ಒಂದೇ ಪ್ರಶ್ನೆ:

"ನೆಲ ಬಿಟ್ಟಿತೋ? ನನಗೆ ತಿಳೀಲಿಲ್ಲ. ಬಿಟ್ಟಿತೋ?"

ಮೇಸ್ತ ಕುಣಿಯುವುದನ್ನು ನಿಲ್ಲಿಸಿದ. ಪಾರ್ಸಿ ತರುಣ ತನ್ನ ಬೂಟಿನ ತುದಿ ನೋಡಿದ. ವ್ಯಾಪಾರಕ್ಕೆ ಬಾಯಿಯನ್ನೇ ಬಂಡವಾಳ ಮಾಡಿಕೊಂಡ ನಾನು, ಹೋದ ಚಪ್ಪಲಿ ಹುಡುಕುವವನಂತೆ ನೀರಿನ ಕಡೆ ತಿರುಗಿದೆ.

"ಗುರುತು ನೋಡಿ," ಎಂದಳು ಅಕ್ಕ, ಹಿಂದಿನಿಂದ.

ಭಾವ ಒಂದೇ ಚಪ್ಪಲಿಯಲ್ಲಿ ಓಡಿದರು. ಗೆರೆಗಳ ಮೇಲೆ ಮೂಗು ಇಟ್ಟಂತೆ ಬಗ್ಗಿ ಹೋದರು. ಒಂದು ಕಡೆ ಎರಡೂ ಗೆರೆ ನಿಂತಿದ್ದವು. ಮುಂದೆ ನುಣ್ಣಗೆ ಮರಳು. ಒಂದು ದೋಣಿಯ ಉದ್ದ ಕಳೆದು ಗೆರೆಗಳು ಮತ್ತೆ ಸುರುವಾಗಿದ್ದವು.

ಅಲ್ಲಿಯೇ ಕೂತುಬಿಟ್ಟರು. ಆ ಖಾಲಿ ಮರಳಿನ ಮೇಲೆ ಕೈಯಾಡಿಸಿದರು, ಕೂಸಿನ ಬೆನ್ನು ಸವರಿದ ಹಾಗೆ. ಆಮೇಲೆ ತರುಣನನ್ನು ಕರೆದು ತೋರಿಸಿದರು, ಮೇಸ್ತನನ್ನು ಕರೆದು ತೋರಿಸಿದರು. ತರುಣ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಎದ್ದು ನಿಂತು, ಟೊಪ್ಪಿ ತೆಗೆದು, ಭಾವನ ಕೈ ಕುಲುಕಿದ.

ನಾನು ಅಕ್ಕನ ಪಕ್ಕ ಹೋಗಿ ನಿಂತೆ. ಅವಳ ಸೀರೆಗೆ ಅಂಚಿನಿಂದ ಮೊಣಕಾಲಿನವರೆಗೆ ಮರಳು ಮೆತ್ತಿತ್ತು. ಕಾಲ್ಬೆರಳ ಸಂದಿಯಲ್ಲೆಲ್ಲ ಮರಳು.

ಸಲಹೆ ಕೊಡದೆ ಇರಲು ನನಗೆ ಎಂದೂ ಆಗಿಲ್ಲ. ಮೆಲ್ಲಗೆ ಹೇಳಿದೆ: "ಮಾಡಿದ್ದು ಮಾಡಿದೆ. ಇನ್ನಷ್ಟು ಉದ್ದ ಅಳಿಸಬಾರದಿತ್ತೇ ಅಕ್ಕಾ?"

ಅವಳು ಗಂಡನ ಕಡೆಯಿಂದ ಕಣ್ಣು ತೆಗೆಯಲಿಲ್ಲ.

"ಬೇಡ ತಮಾ. ನಕಾಶೆ ಬರೆಯುವವರು. ಇದಕ್ಕಿಂತ ಹೆಚ್ಚಾದ್ರೆ ನಂಬೂದಿಲ್ಲ."