ನಾಲ್ಕೂ ಮುಕ್ಕಾಲು ಕೋಳಿ

ಲೆಕ್ಕಕ್ಕೆ ಹೆದರಿದವನಲ್ಲ ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಓದುತ್ತ ಹೋದರೆ ನೀವು ನಂಬಲಿಕ್ಕಿಲ್ಲ. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿಗೆ ಬಂದವರಲ್ಲಿ ನಾನೇ ಮೊದಲಿಗ. ಸಹಿಯ ಮುಂದೆ ಬಿ.ಎಸ್ಸಿ. ಎಂದು ಬರೆಯುವವರಲ್ಲಂತೂ ಭಾನುವಳ್ಳಿಯ ನಮ್ಮ ಓಣಿಗೇ ಮೊದಲಿಗ. ಅಂಗಿ ಎರಡೇ ಇದ್ದ ಕಾಲದಲ್ಲಿ, ಒಂದು ಒಣಗುವವರೆಗೆ ಇನ್ನೊಂದನ್ನು ತೊಟ್ಟು ಪಡೆದ ಪದವಿ ಅದು. ಹಾಗಾಗಿ ದಾವಣಗೆರೆಯ ಬಾಡಿಗೆ ಮನೆಯ ಬಾಗಿಲಿಗೆ ಹಲಗೆ ಬರೆಸುವಾಗ ಬಿ.ಎಸ್ಸಿ. ಅನ್ನುವ ಅಕ್ಷರಗಳನ್ನು ನನ್ನ ಹೆಸರಿಗಿಂತ ಒಂದು ಬೆರಳು ದಪ್ಪಗೆ ಬರೆಸಿದೆ. ಇಂಥ ನಾನು, ಹದಿನೆಂಟಡಿ ಉದ್ದ ಹನ್ನೆರಡಡಿ ಅಗಲದ ಹಿತ್ತಲಲ್ಲಿ ಎಷ್ಟು ಕೋಳಿ ಸಾಕಬಹುದು ಅನ್ನುವ ಲೆಕ್ಕ ಬಿಡಿಸಲಾರದೆ, ಕೂತಲ್ಲಿ ಕೂರದೆ, ನಿಂತಲ್ಲಿ ನಿಲ್ಲದೆ ಒಂದು ವಾರ ಒದ್ದಾಡಿದೆ ಎಂದರೆ ಕೇಳಿದವರು ನಗುತ್ತಾರೆ. ನಗಲಿ. ಅವರ ಹಿತ್ತಲಿಗೂ ಒಂದು ದಿನ ಕೋಳಿ ಬರಲಿ.

ನನ್ನ ಕೆಲಸವೇ ಕೋಳಿಯದು. ಹಳ್ಳಿಹಳ್ಳಿಗೆ ಸೈಕಲ್ಲಿನಲ್ಲಿ ಹೋಗಿ, ಬಿಳಿ ತಳಿಯ ಕೋಳಿಯ ತತ್ತಿಗಳನ್ನು ನಾಟಿ ಹೇಂಟೆಯ ಕೆಳಗೆ ಕಾವಿಗಿಟ್ಟು ಮರಿ ಮಾಡಿಕೊಳ್ಳಿ ಎಂದು ಜನಕ್ಕೆ ತಿಳಿಹೇಳುವುದು. ಎರಡು ವರ್ಷವಾದರೂ ನೌಕರಿ ಕಾಯಂ ಆಗಿರಲಿಲ್ಲ. ನಮ್ಮ ಸಾಹೇಬರು ಕರೆದು, “ಒಂದು ಊರು, ಒಂದೇ ಒಂದು ಊರು ಒಪ್ಪಿಸ್ರಿ. ನಿಮ್ಮ ಕಾಗದ ಮ್ಯಾಲೆ ಕಳಿಸ್ತೀನಿ” ಅಂದಿದ್ದರು. ನಾನು ಬಾತಿಯನ್ನು ಆರಿಸಿಕೊಂಡೆ. ಪೇಟೆಗೆ ಹತ್ತಿರ, ಸೈಕಲ್ ತುಳಿಯುವುದು ಕಡಿಮೆ. ಅಲ್ಲಿ ನನ್ನನ್ನು ಬಿ.ಎಸ್ಸಿ. ಎಂದು ಯಾರೂ ಕರೆಯಲಿಲ್ಲ. “ಕೋಳಿ ಸಾಹೇಬ್ರು ಬಂದ್ರು” ಅನ್ನುತ್ತಿದ್ದರು. ಹುಡುಗರು ಸೈಕಲ್ಲಿನ ಹಿಂದೆ ಓಡುತ್ತ ಕೋಳಿಯ ಹಾಗೆ ಕೂಗುತ್ತಿದ್ದರು. ಎಷ್ಟು ಚೆನ್ನಾಗಿ ಕೂಗುತ್ತಿದ್ದರೆಂದರೆ, ಒಮ್ಮೊಮ್ಮೆ ನಿಜವಾದ ಹುಂಜಗಳೂ ಓಗೊಡುತ್ತಿದ್ದವು.

ಆ ಊರಲ್ಲಿ ಹನುಮವ್ವ ಅನ್ನುವ ಹಿರಿಯಾಕೆ. ಕೋಳಿಯ ವಿಷಯದಲ್ಲಿ ಆಕೆ ಹೂಂ ಅಂದರೆ ಊರ ಹೆಂಗಸರೆಲ್ಲ ಹೂಂ, ಊಹೂಂ ಅಂದರೆ ಊಹೂಂ. ಬೇವಿನ ಕಟ್ಟೆಯ ಮೇಲೆ ನಿಂತು ನಾನು ತಳಿ, ಗಾಳಿ, ಬೆಳಕು, ಚದರಡಿ ಎಂದು ಅರ್ಧ ಗಂಟೆ ಮಾತಾಡಿದೆ. ಆಕೆ ಎಲೆ ಅಡಿಕೆ ಮೆಲ್ಲುತ್ತ ಎಲ್ಲವನ್ನೂ ಕೇಳಿ, ಕೊನೆಗೆ ಒಂದೇ ಒಂದು ಪ್ರಶ್ನೆ ಕೇಳಿದಳು.

“ಅದೆಲ್ಲಾ ಸರಿ ಸಾಹೇಬ್ರೆ. ನಿಮ್ಮ ಮನ್ಯಾಗ ಕೋಳಿ ಅದಾವೇನು?”

ನನ್ನ ಮನೆಯಲ್ಲಿ ಕೋಳಿಯ ಚಿತ್ರವಿರುವ ಒಂದು ಕ್ಯಾಲೆಂಡರ್ ಇತ್ತು, ಅಷ್ಟೆ. ಇಲ್ಲ ಅಂದರೆ ಊರು ಕೈ ತಪ್ಪಿತು, ಊರು ತಪ್ಪಿದರೆ ನೌಕರಿ. ಬಾಯಿ ತಾನಾಗಿ ತೆರೆದುಕೊಂಡಿತು. “ಅದಾವಲ್ಲ! ಆರು ಕೋಳಿ ಅದಾವೆ.”

ಹನುಮವ್ವ ಮೆಲ್ಲುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಪಕ್ಕದಾಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. “ಆರು!” ಅಂದಳು ಹನುಮವ್ವ. “ಚಲೋ ಆತು ಬಿಡ್ರಿ. ಮುಂದಿನ ಸಂತಿಗೆ ಬಂದಾಗ ನಿಮ್ಮನಿಗೂ ಬಂದು ನೋಡಿ ಹೋಗ್ತೀನಿ. ಆಮ್ಯಾಲೆ ಹೇಳ್ತೀನಿ, ನಿಮ್ಮ ತತ್ತಿ ಇಡಬೇಕೋ ಬ್ಯಾಡೋ ಅಂತ.” ನನ್ನ ಖಚಿತವಾದ ಉತ್ತರಕ್ಕೆ ಹೆಂಗಸರು ಬೆರಗಾದರು ಎಂದೇ ತಿಳಿದು ನಾನು ಸೈಕಲ್ ಹತ್ತಿದೆ. ಒಂದು ಮೈಲಿ ಬಂದ ಮೇಲೆ ಬೆರಳು ಮಡಿಚಿ ದಿನ ಎಣಿಸಿದೆ. ಸಂತೆಗೆ ಆರೇ ದಿನ ಉಳಿದಿತ್ತು.

ಮನೆಗೆ ಬಂದವನೇ ಟೇಪು ಹಿಡಿದು ಹಿತ್ತಲಿಗೆ ನುಗ್ಗಿದೆ. ಕೋಳಿಯೊಂದಕ್ಕೆ ಓಡಾಡಲು ಇಪ್ಪತ್ತು ಚದರಡಿ ಬೇಕು ಎಂದು ನಾನೇ ಕನ್ನಡಕ್ಕೆ ಇಳಿಸಿದ ಕರಪತ್ರದಲ್ಲಿತ್ತು. ಒಟ್ಟು ಜಾಗದಲ್ಲಿ ಬಟ್ಟೆ ಒಗೆಯುವ ಕಲ್ಲು ಕಳೆದೆ, ಕಟ್ಟಿಗೆ ಒಟ್ಟಿದ ಮೂಲೆ ಕಳೆದೆ, ಬಚ್ಚಲ ನೀರಿನ ಕಾಲುವೆ ಕಳೆದೆ, ಹೆಂಡತಿಯ ಮೆಂತ್ಯದ ಮಡಿ ಕಳೆದೆ, ಮನೆ ಮಾಲೀಕರ ಬಿಲ್ವಪತ್ರೆ ಗಿಡದ ಬುಡವನ್ನೂ ಕಳೆದೆ. ಉಳಿದದ್ದು ತೊಂಬತ್ತೈದು ಚದರಡಿ. ಭಾಗಿಸಿದರೆ ನಾಲ್ಕೂ ಮುಕ್ಕಾಲು ಕೋಳಿ. ತಪ್ಪಾಗಿರಬೇಕೆಂದು ಮತ್ತೆ ಅಳೆದೆ. ಕೋಳಿಗಳು ಮುಕ್ಕಾಲಿನಿಂದ ಒಂದಿಂಚೂ ಅಲುಗಲಿಲ್ಲ.

“ಆ ಮುಕ್ಕಾಲನ್ನ ಸಾರಿಗೆ ಹಾಕಿದ್ರಾತು” ಅಂದಳು ನನ್ನ ಹೆಂಡತಿ ಶಾಂತ, ಬಾಗಿಲಿಗೆ ಒರಗಿ. “ನಾಲ್ಕೂ ಬ್ಯಾಡ್ರಿ, ಎರಡು ಸಾಕು. ಅವಕ್ಕೆ ನಿಮ್ಮ ಚದರಡಿ ತಿಳಿತೈತೇನು? ಮೊದಲನೇ ದಿನವೇ ನನ್ನ ಮೆಂತ್ಯ ಕೆದರಿ ಹಾಕ್ತಾವೆ.”

“ಆರು ಅಂತ ಹೇಳಿ ಬಂದೀನಲ್ಲ.”

“ಹೇಳಿದ್ದು ನೀವು. ಹಿಕ್ಕೆ ಬಳಿಯೋದು ನಾನು.”

ನಾನು ಟೇಪು ಸುತ್ತಿ ಜೇಬಿಗಿಟ್ಟೆ. ಮಾಲೀಕರನ್ನು ಕೇಳೋಣವೆಂದು ಪಕ್ಕದ ಮನೆಗೆ ಹೋದೆ. ಅವರು ಹತ್ತಿಯ ವ್ಯಾಪಾರದ ಹಳೆಯ ಮನೆತನದವರು. ಹಣೆಯ ತುಂಬ ವಿಭೂತಿ. ಮನೆಯಲ್ಲಿ ಈರುಳ್ಳಿ ಹೆಚ್ಚುವುದಕ್ಕೂ ದಿನ ನೋಡುವವರು. ಅವರ ಮುಂದೆ ಕೋಳಿ ಅನ್ನುವ ಶಬ್ದ ತೆಗೆಯುವುದು ಹೇಗೆಂದು ನಾನು ಹಸು, ಎಮ್ಮೆಗಳಿಂದ ಶುರುಮಾಡಿ ಕ್ರಮೇಣ ಕೆಳಗಿಳಿದೆ. ಪಾರಿವಾಳದ ಹೊತ್ತಿಗೆ ಅವರಿಗೆ ಅರ್ಥವಾಯಿತು.

“ಕೋಳಿ ಸಾಕ್ತೀರೇನು, ಬಿ.ಎಸ್ಸಿಯೋರೆ?” ಎಂದು ನಕ್ಕರು. “ನಿಮ್ಮ ನೌಕರಿ ಅದು, ನಾ ಯಾಕ ಬ್ಯಾಡ ಅನ್ಲಿ? ಆದ್ರೆ ಹುಂಜ ಮಾತ್ರ ತರಬ್ಯಾಡ್ರಿ. ನಾನು ಕಣ್ಣು ಮುಚ್ಚಿ ಲಿಂಗಪೂಜೆಗೆ ಕೂಡೋದಕ್ಕೂ ಅದು ಕೂಗೋದಕ್ಕೂ ಒಂದೇ ಹೊತ್ತು. ಮತ್ತೆ ಪತ್ರೆ ಗಿಡದ ಹತ್ರ ಅವು ಸುಳೀಬಾರದು.” ಎಷ್ಟು ಕೋಳಿ ಅನ್ನುವುದನ್ನು ಅವರು ಕೇಳಲೇ ಇಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಅವರು ಹೇಳಿದ ಸಂಖ್ಯೆಯನ್ನೇ ನಾನು ಹಿಡಿದುಕೊಳ್ಳುತ್ತಿದ್ದೆ.

ಕಚೇರಿಯಲ್ಲಿ ಕಾಗದದ ಅಂಚಿನ ಮೇಲೆಲ್ಲ ಆರು, ನಾಲ್ಕು, ಎರಡು ಎಂದು ಬರೆದೆ. ಊಟಕ್ಕೆ ಕೂತರೆ ಅರ್ಧಕ್ಕೇ ಎದ್ದು ಟೇಪು ಹುಡುಕಿದೆ. ಕೊನೆಗೆ ಭಾನುವಾರ ಹರಿಹರಕ್ಕೆ ಹೋಗಿ, ಅಲ್ಲಿಂದ ಭಾನುವಳ್ಳಿ ಬಸ್ಸು ಹಿಡಿದೆ. ಅಲ್ಲಿ ನಮ್ಮ ಅಣ್ಣನ ಮನೆಯಲ್ಲಿ ಅವ್ವ ಇದ್ದಾಳೆ. ಅವಳು ಸಾಕಿದ ಕೋಳಿಗಳಿಗೆ ಸುತ್ತಲಿನ ಊರುಗಳಲ್ಲೂ ಹೆಸರಿತ್ತು. ವಿಷಯವನ್ನೆಲ್ಲ ಹೇಳದೆ, “ಅವ್ವಾ, ಆರು ಹೇಂಟೆ ಬೇಕು” ಅಂದೆ.

ಅವ್ವ ಮುಖ ಗಂಟಿಕ್ಕಿದಳು. “ಅದೇನು ಹಂಗ ಕೇಳ್ತೀಯೋ? ಕೈಗೆ ಎಷ್ಟು ಸಿಗ್ತಾವೋ ಅಷ್ಟು ಕೊಡ್ತೀನಿ, ಒಯ್ಯಿ. ಎಷ್ಟು ಅಂತ ಬಾಯಿ ಬಿಡಬ್ಯಾಡ.”

ಪಾಪ, ಓದು ಬರಹವಿಲ್ಲದವಳು, ಲೆಕ್ಕ ಬಾರದು ಅಂದುಕೊಂಡೆ. ಹಾಗೆ ಅಂದುಕೊಂಡದ್ದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ. ಅವಳು ಬುಟ್ಟಿಯೊಳಗೆ ಕೋಳಿ ತುಂಬಿ, ಬಾಯಿಗೆ ಹಳೆಯ ಸೀರೆ ಬಿಗಿದು ಕೊಟ್ಟಳು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ಸೀರೆಯ ಮೇಲಿಂದಲೇ ತಡವಿ ತಡವಿ ಎಣಿಸಲು ನೋಡಿದೆ. ಕಂಡಕ್ಟರ್ ಬಂದು, “ಎಷ್ಟು ಕೋಳಿ ಅದಾವ್ರಿ?” ಅಂದ.

“ಗೊತ್ತಿಲ್ಲಪ್ಪ.”

“ಕನ್ನಡಕ ಹಾಕೀರಿ, ಜೇಬಿನಾಗ ಪೆನ್ ಇಟ್ಟೀರಿ, ಕೋಳಿ ಎಣಿಸಾಕ ಬರಂಗಿಲ್ಲೇನು?” ಬಸ್ಸಿಗೆ ಬಸ್ಸೇ ನಕ್ಕಿತು. ಬುಟ್ಟಿಯೊಳಗಿಂದಲೂ ಒಂದು ಸದ್ದು ಬಂತು.

ಮನೆಯಲ್ಲಿ ಸೀರೆ ಬಿಚ್ಚಿದಾಗ ಹೊರಬಿದ್ದದ್ದು ಮೂರು ಹೇಂಟೆ. ಎರಡು ಕೆಂಪು, ಒಂದು ಬೂದು. ಕೆಂಪಿನವು ಕ್ಷಣವೂ ತಡಮಾಡದೆ ಮೆಂತ್ಯದ ಮಡಿಗೆ ಇಳಿದವು. ಬೂದು ಬಣ್ಣದ್ದು ಕಟ್ಟಿಗೆಯ ಸಂದಿಗೆ ಹೋಗಿ ಕೂತದ್ದು ಮತ್ತೆ ಏಳಲೇ ಇಲ್ಲ. ಹತ್ತಿರ ಹೋದರೆ ಮೈಯುಬ್ಬಿಸಿ ಗುರ್ ಅನ್ನುತ್ತಿತ್ತು. ರೋಗವೇನೋ ಎಂದು ಗಾಬರಿಯಾಗಿ ಕರಪತ್ರದ ರೋಗಗಳ ಪುಟ ತೆರೆದೆ. ಅಷ್ಟರಲ್ಲಿ ಸಂತೆಯ ದಿನ ಬಂದೇ ಬಂತು. ಇನ್ನು ಮೂರು ಕೋಳಿಗೆ ಎಲ್ಲಿ ಹೋಗಲಿ? ಒಂದು ದಿನದ ಮಟ್ಟಿಗೆ ಯಾರಿಂದಾದರೂ ಎರವಲು ತರಲೇ ಎಂದು ಬಾಗಿಲಿಗೂ ಹಿತ್ತಲಿಗೂ ಓಡಾಡುತ್ತಿದ್ದೆ. ಹನುಮವ್ವ ಸಂತೆಯ ಚೀಲ ಸಮೇತ ಒಳಗೆ ಬಂದೇಬಿಟ್ಟಳು. ಶಾಂತ ಕೊಟ್ಟ ನೀರು ಕುಡಿದು, ನೆಟ್ಟಗೆ ಹಿತ್ತಲಿಗೆ ನಡೆದಳು.

“ಉಳಿದವು ಮೇಯಾಕೆ ಓಣಿಗೆ ಹೋಗ್ಯಾವೆ” ಅಂದೆ, ಆಕೆ ಕೇಳುವ ಮೊದಲೇ.

ಹನುಮವ್ವ ಸೊಂಟದ ಮೇಲೆ ಕೈಯಿಟ್ಟುಕೊಂಡು ಮನಸಾರೆ ನಕ್ಕಳು. “ಸಾಕು ಬಿಡ್ರಿ ಸಾಹೇಬ್ರೆ. ನೀವು ಕಟ್ಟಿ ಮ್ಯಾಲೆ ಆರು ಅಂದಾಗ್ಲೇ ನಮಗೆಲ್ಲಾ ಗೊತ್ತಾತು, ನಿಮ್ಮನ್ಯಾಗ ಒಂದು ಕೋಳೀನೂ ಇಲ್ಲ ಅಂತ. ಕೋಳಿ ಸಾಕಿದೋರು ಯಾರಾದ್ರೂ ಇಷ್ಟೇ ಅದಾವೆ ಅಂತ ಎಣಿಸಿ ಹೇಳ್ತಾರೇನ್ರಿ? ದೃಷ್ಟಿ ತಾಗಂಗಿಲ್ಲೇನು? ಒಂದಿಷ್ಟು ಅದಾವೆ ಅಂತಾರೆ, ಸುಮ್ನಾಗ್ತಾರೆ.”

ಆಗ ನನಗೆ ತಲೆಯ ಹಿಂಭಾಗದಲ್ಲಿ ಚುರುಕ್ಕೆಂದಿತು. ನಾನು ಒಂದನೇ ತರಗತಿಯಲ್ಲಿ ಹತ್ತರವರೆಗೆ ಕಲಿತ ದಿನ, ಸಂಜೆ ಬುಟ್ಟಿಯ ಕೆಳಗೆ ಓಡುವ ಮರಿಗಳನ್ನು ಜೋರಾಗಿ ಎಣಿಸಿದ್ದೆ. ನಾಲ್ಕು ಅನ್ನುವಷ್ಟರಲ್ಲಿ ಅವ್ವ ಅದೇ ಜಾಗಕ್ಕೆ ಬಿಗಿದಿದ್ದಳು. ಆಮೇಲೆ ಕಲಿತ ಲೆಕ್ಕವೆಲ್ಲ ನೆನಪಿತ್ತು. ಆ ಏಟೊಂದನ್ನು ಮರೆತಿದ್ದೆ.

ಹನುಮವ್ವ ಕಟ್ಟಿಗೆಯ ಸಂದಿಗೆ ಕೈಹಾಕಿ ಬೂದು ಹೇಂಟೆಯನ್ನು ಎತ್ತಿದಳು. ನನಗೆ ಗುರ್ ಅನ್ನುತ್ತಿದ್ದ ಹಕ್ಕಿ ಆಕೆಯ ಕೈಯಲ್ಲಿ ಮಗುವಿನಂತೆ ಕೂತಿತು. ರೆಕ್ಕೆ ಸರಿಸಿ, ಎದೆ ಮುಟ್ಟಿ, “ರೋಗ ಅಲ್ರಿ, ಕಾವಿಗೆ ಕೂತೈತೆ. ಯಾರು ಸಾಕಿದ್ದು ಇದನ್ನ?” ಅಂದಳು.

“ನಮ್ಮ ಅವ್ವ. ಭಾನುವಳ್ಳಿಯಾಗ.”

“ಕೋಳಿ ಬಲ್ಲಾಕಿ.” ಆಕೆ ಹೇಂಟೆಯನ್ನು ಮತ್ತೆ ಸಂದಿಯಲ್ಲಿ ಕೂರಿಸಿ, “ಆತು, ನಿಮ್ಮ ಬಿಳಿ ತತ್ತಿ ತರ್ರಿ, ಇಡ್ತೀವಿ. ನಿಮ್ಮ ಮಾತು ಕೇಳಿ ಅಲ್ಲ ಮತ್ತೆ. ಇಂಥಾ ಹೇಂಟೆ ಸಾಕಿದಾಕಿ ಮಗ, ಪೂರ್ತಿ ದಡ್ಡ ಇರಾಕಿಲ್ಲ ಅಂತ” ಅಂದಳು. ಶಾಂತ ಒಳಗೆ ಓಡಿದಳು. ಪಾತ್ರೆಗಳ ಸದ್ದಿನಲ್ಲೂ ಅವಳ ನಗು ಕೇಳಿಸಿತು. “ಹನುಮವ್ವ, ಈ ಹಿತ್ತಲಿಗೆ ಎಷ್ಟು ಕೋಳಿ ಇಟ್ಟರೆ ಸರಿ?” ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಆಕೆಗೆ ತಿಳಿದುಹೋಯಿತು. “ನಿಮ್ಮ ಹೆಂಡ್ತಿ ಬೈಯದೆ ಎಷ್ಟಕ್ಕೆ ಕಾಳು ಹಾಕ್ತಾಳೋ ಅಷ್ಟು” ಎಂದು ಚೀಲ ಎತ್ತಿಕೊಂಡಳು.

ಬಾತಿಯಲ್ಲಿ ಈಗ ಬಿಳಿ ಮರಿಗಳು ಓಡಾಡುತ್ತಿವೆ. ನಮ್ಮ ಬೂದು ಹೇಂಟೆಯ ಕೆಳಗೂ ತತ್ತಿ ಇಟ್ಟಿದ್ದೆವು. ಮೆಂತ್ಯದ ಮಡಿ ಈಗಿಲ್ಲ. ಶಾಂತ ಬೈಯುವುದನ್ನು ನಿಲ್ಲಿಸಿಲ್ಲ, ಕಾಳು ಹಾಕುವುದನ್ನೂ ನಿಲ್ಲಿಸಿಲ್ಲ. ಸಾಹೇಬರು ಬಾತಿ ನೋಡಿ ಮೆಚ್ಚಿ, ಕಾಯಂ ಮಾಡುವ ಕಾಗದಕ್ಕೆ ತುಂಬಲು ಒಂದು ನಮೂನೆ ಕಳಿಸಿದರು. ಅದರ ಕೊನೆಯಲ್ಲಿ, “ನೌಕರನು ಸ್ವತಃ ಸಾಕಿರುವ ಕೋಳಿಗಳ ಸಂಖ್ಯೆ” ಎಂದಿತ್ತು. ನಾನು “ಒಂದಿಷ್ಟು ಇವೆ” ಎಂದು ಬರೆದು ಕಳಿಸಿದೆ. ಮೂರನೆಯ ದಿನ ಅದು ಕೆಂಪು ಶಾಯಿಯಲ್ಲಿ ಮರಳಿ ಬಂತು: “ಬಿ.ಎಸ್ಸಿ. ಆದವರು ಹೀಗೆ ಬರೆಯಬಾರದು. ಒಂದಿಷ್ಟು ಎಂದರೆ ಎಷ್ಟು?”

ನನ್ನನ್ನು ಓದಿಸಲು ಎಷ್ಟು ತತ್ತಿ ಸಂತೆಗೆ ಹೊತ್ತಳೆಂದು ಅವ್ವ ಎಂದೂ ಎಣಿಸಿ ಹೇಳಿದವಳಲ್ಲ. ಆದರೆ ಆ ಒಂದು ಅಂಕಿ ಬರೆಯದೆ ನೌಕರಿ ಕಾಯಂ ಆಗುವುದಿಲ್ಲ. ನಮೂನೆ ಹಿಡಿದು ಹಿತ್ತಲಿಗೆ ಬಂದೆ. ಸಂಜೆ. ಹೇಂಟೆಯ ಹಿಂದೆ ಬಿಳಿ ಮರಿಗಳು ಬುಟ್ಟಿಯತ್ತ ಓಡುತ್ತಿವೆ. ಒಂದು, ಎರಡು, ಮೂರು ಎಂದು ತುಟಿಯಲ್ಲೇ ಶುರುಮಾಡಿದೆ.

“ರೀ, ಎಣಿಸ್ತಾ ಇದೀರೇನು?” ಒಳಗಿನಿಂದ ಶಾಂತ ಕೂಗಿದಳು.

“ಇಲ್ಲಪ್ಪ, ಸುಮ್ಮನೆ ನಿಂತೀನಿ” ಅಂದೆ. ನೋಡಿದರೆ, ಪೆನ್ನು ಹಿಡಿಯಬೇಕಾದ ನನ್ನ ಬಲಗೈ ತಲೆಯ ಹಿಂಭಾಗವನ್ನು ಭದ್ರವಾಗಿ ಮುಚ್ಚಿಕೊಂಡಿತ್ತು.