ದಂಟು ಸಮೇತ ಹೂ

ನನ್ನ ಸೋದರಮಾವನಿಗೆ ತಲೆ ಸರಿಯಿದೆ ಎಂದು ಹೇಳುವವರು ಕುಂತೂರಿನ ಸುತ್ತಮುತ್ತ ಇಬ್ಬರೇ. ಒಬ್ಬರು ಸ್ವತಃ ಮಾವ. ಇನ್ನೊಬ್ಬರು ಅತ್ತೆ, ಅವರೂ ಅದನ್ನು ನಗದೆ ಹೇಳಿದ್ದನ್ನು ನಾನು ಕೇಳಿಲ್ಲ.

ಅತ್ತೆ ಕಾಯಿಲೆ ಬಿದ್ದು, ಚಿಕಿತ್ಸೆಗೆಂದು ಮೈಸೂರಿನ ಮಗಳ ಮನೆಗೆ ಹೋದರಲ್ಲ, ಆಗ ಶುರುವಾಯಿತು ಇದು. ಫ್ಯಾಕ್ಟರಿಗೆ ಕಬ್ಬು ಬೆಳೆಯುವ ಮನುಷ್ಯ, ಮನೆ ಪಕ್ಕದ ಎರಡು ಸಾಲು ಕಬ್ಬು ಕಿತ್ತು ಹೂವಿನ ಮಡಿ ಮಾಡಿದರು. ಆಸ್ಟರ್, ಡಾಗ್ ಫ್ಲವರ್. ಅತ್ತೆ ವಾಪಸು ಬರುವ ದಿನಕ್ಕೆ ಸರಿಯಾಗಿ ಅರಳಿರಬೇಕು, ಅಷ್ಟೇ ಅವರ ಹಟ.

ಆ ಡಾಗ್ ಫ್ಲವರ್ ಬೀಜವೋ, ನಶ್ಯದ ಪುಡಿ! ಮರಳಲ್ಲಿ ಕಲಸಿ ಟ್ರೇಗೆ ಉದುರಿಸುವ ಹೊತ್ತಿಗೆ ಫ್ಯಾನ್ ಬಂದ್, ಮಾತು ಬಂದ್. ಪಕ್ಕದ ಮನೆಯ ಶಿವಮ್ಮಕ್ಕ ಮಜ್ಜಿಗೆ ಕೇಳಲು ಬಂದವರು ಟ್ರೇ ಮೇಲೆ ಬಗ್ಗಿ ಒಂದು ಸೀನು ಸೀನಿದರು. ಅಲ್ಲಿಗೆ ಅರ್ಧ ಟ್ರೇ ಖಾಲಿ.

"ಸೀನದ್ನ ಬೀದಿಲೇ ಸೀನ್ಕಂಡ್ ಬರಕಾಗಕಿಲ್ವಾ ನಿಂಗೆ" ಎಂದು ಮಾವ ಹೊಸ ಪೊಟ್ಟಣ ಒಡೆದರು. ಆಮೇಲೆ ತಿಂಗಳುಗಟ್ಟಲೆ ಶಿವಮ್ಮಕ್ಕ ಮೂಗಿಗೆ ಸೆರಗು ಕಟ್ಟಿಕೊಂಡೇ ಮಜ್ಜಿಗೆಗೆ ಬರುತ್ತಿದ್ದರು.

ಸಸಿಗಳಿಗೆ ಅತ್ತೆಯ ಹಳೆ ಸೀರೆಯ ಚಪ್ಪರ. ಚೆಂಬಲ್ಲಿ ನೀರು ಹೊಯ್ದರೆ ಮಲಗಿಬಿಡುತ್ತವೆಂದು ಬೇವಿನ ಕೊಂಬೆ ಅದ್ದಿ, ತೀರ್ಥದ ಹಾಗೆ ಚಿಮುಕಿಸುತ್ತಿದ್ದರು. ಇಷ್ಟು ಮುದ್ದು ಮಾಡಿದವರು, ಸಸಿ ಗೇಣುದ್ದ ಆದದ್ದೇ ಒಂದೊಂದರ ಕುಡಿಯನ್ನೂ ಚಿವುಟಿ ಹಾಕಿದರು!

"ಸಾಕ್ದೋರೇ ಕುತ್ಗೆ ಇಚುಕ್ತರಲ್ಲ" ಎಂದರು ಶಿವಮ್ಮಕ್ಕ.

"ಕುಡಿ ಚಿವುಟುದ್ರೆ ನಾಕ್ ಕವಲೊಡಿತದೆ, ದಂಟು ಉದ್ದ ಬತ್ತದೆ ಕಣವ್ವ. ಈ ಊವ ದಂಟ್ ಸಮೇತವೇ ಕುಯ್ಯದು."

ಇದೊಂದು ನಮಗ್ಯಾರಿಗೂ ಬಗೆಹರಿಯಲಿಲ್ಲ. ನಮ್ಮ ಕಡೆ ಹೂವೆಂದರೆ ಬುಡಕ್ಕೆ ಚಿವುಟಿ, ದಾರಕ್ಕೆ ಕಟ್ಟಿ, ದೇವರಿಗೊಂದು ಮೊಳ, ತುರುಬಿಗೊಂದು ಮೊಳ. ದಂಟನ್ನು ದನಕ್ಕಲ್ಲದೆ ಯಾರಿಗೆ ಕೊಡುತ್ತಾರೆ?

ಹೂ ಬಿಟ್ಟ ಮೇಲಂತೂ ಮಾವ ಬೇಲಿ ಬಿಟ್ಟು ಕದಲಲಿಲ್ಲ. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಪರಿಸೆಯವರೊಬ್ಬರು "ಮಾದಪ್ಪಂಗೆ ಒಂದೇ ಒಂದ್ ಊವ ಸಾ" ಎಂದು ಕೈ ಚಾಚಿದರು.

"ಮಾದಪ್ಪಂಗೆ ಎಪ್ಪತ್ತೇಳ್ ಮಲೆ ಊವೂ ಅವೆ. ನಮ್ಮೋಳ್ಗೆ ಇಷ್ಟೇ ಇರದು" ಎಂದುಬಿಟ್ಟರು ಮಾವ. ಆಮೇಲೆ ಹೆದರಿಕೊಂಡು ಅವರ ಹಿಂದೆಯೇ ಓಡಿ ಎರಡು ಜಲ್ಲೆ ಕಬ್ಬು ಕೊಟ್ಟು ಬಂದರು.

ಅತ್ತೆ ಬರುವ ದಿನ ಮಾವ ಬೆಳಗಿನ ಬಸ್ಸಿಗೇ ಮೈಸೂರಿಗೆ ಹೊರಟರು. "ಊವ ಮುಟ್ಬೇಡಿ, ನಾ ಬಂದೇ ಕುಯ್ಯದು" ಎಂದಿದ್ದರು. ಅತ್ತೆಯಿಲ್ಲದ ಮನೆ ನೋಡಿಕೊಳ್ಳಲು ಯಳಂದೂರಿನಿಂದ ಬಂದ ಸೋದರಸೊಸೆ ನಾನು, ಕೇಳಬೇಕಲ್ಲ? ನಾಲ್ಕು ತಿಂಗಳಾದ ಮೇಲೆ ಮನೆಗೆ ಬರುವ ಮುತ್ತೈದೆಗೆ ಮುಡಿಯಲು ಹೂವಿಲ್ಲದಿದ್ದರೆ ಹೇಗೆ? ನಾನೂ ಶಿವಮ್ಮಕ್ಕನೂ ಕೂತು, ಅಷ್ಟನ್ನೂ ಬುಡಕ್ಕೆ ಚಿವುಟಿ ನಾಲ್ಕು ಮೊಳ ಕಟ್ಟಿದೆವು. ಎಷ್ಟು ಒತ್ತಾಗಿ ಬಂದಿದೆ ಎಂದು ಒಬ್ಬರನ್ನೊಬ್ಬರು ಹೊಗಳಿಕೊಂಡೆವು.

ಕಾರು ಬಂತು. ಅತ್ತೆ ಇಳಿದರು. ನಾನು ಹೂ ಹಿಡಿದು ಓಡಿದೆ. ಅವರು ತಲೆ ಮೇಲೆ ಹೊದ್ದಿದ್ದ ಸೆರಗು ಗಾಳಿಗೆ ಜಾರಿತು. ಸೊಂಟದುದ್ದ ಜಡೆಯಿದ್ದ ನಮ್ಮ ಅತ್ತೆಯ ತಲೆಯಲ್ಲಿ ಒಂದು ಕೂದಲೂ ಇರಲಿಲ್ಲ. ಫೋನಿನಲ್ಲಿ ದಿನವೂ ಮಾತಾಡುತ್ತಿದ್ದವರು ನನಗೆ ಇದೊಂದನ್ನು ಹೇಳಿರಲಿಲ್ಲ.

ಮಾವ ಮಡಿಯ ಕಡೆ ನೋಡಿದರು, ನನ್ನ ಕೈ ನೋಡಿದರು. "ಇನ್ ಊವ ಮುಡ್ಯಕಾಗಲ್ಲ ಅಂತ ಅತ್ತಿದ್ಲು ಕಣವ್ವ. ಚೆಂಬ್ನಲ್ ನಿಲ್ಸುದ್ರೆ ಮಂಚದ್ ತಾವ್ಲೇ ನೋಡ್ಕಂಡಿರ್ತಾಳೆ ಅಂತ..." ಎಂದರು. ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಅತ್ತೆ ನನ್ನ ಕೈಯಿಂದ ಹೂ ತೆಗೆದುಕೊಂಡರು. "ಎಷ್ಟ್ ಚೆಂದಾಗ್ ಕಟ್ಟಿದ್ದೀಯವ್ವ" ಎಂದು ಹೇಳಿ ಮಾವನ ಕಡೆ ತಿರುಗಿದರು. "ಇಲ್ ಬನ್ನಿ. ಬಗ್ಗಿ."

ಮಾವ ಬಗ್ಗಿದರು. ನಾಲ್ಕು ಮೊಳವನ್ನೂ ಅವರ ನರೆತ ತಲೆಗೆ ಸುತ್ತಿ ಅತ್ತೆ ಹೇಳಿದರು: "ನಂಗೆ ಕೂದ್ಲು ಬರಗಂಟ ನೀವೇ ಮುಡ್ಕಂಡಿರಿ. ನಾ ನೋಡ್ತೀನಿ."

ಅವತ್ತು ಮಾವ ಹೂ ಮುಡಿದುಕೊಂಡೇ ದನಕ್ಕೆ ಹುಲ್ಲು ಹಾಕಿದರು. ಕಬ್ಬಿನ ಟ್ರ್ಯಾಕ್ಟರಿನವರು ನಿಲ್ಲಿಸಿ ನಕ್ಕರೂ ತೆಗೆಯಲಿಲ್ಲ. ಅತ್ತೆ ಮಂಚದ ಮೇಲೆ ಕೂತು, ಕಿಟಕಿಯಿಂದ ಕಣ್ಣು ಕೀಳದೆ ನೋಡುತ್ತಿದ್ದರು.